ಯಾವ ಬಳಿ, ಯಾವ ಜನ

ಲಂಡನ್ನಿನ ಟ್ಯಾಕ್ಸಿ ಚಾಲಕನೊಬ್ಬ, ಹಿಂದಿನ ಸೀಟಿನಲ್ಲಿ ಕೂತವರಿಗೆ ಹಿಂದಿ ಬರುವುದಿಲ್ಲ ಎಂದರೆ ನಂಬಲೇ ಇಲ್ಲವಂತೆ. ಅದೇ ಮನುಷ್ಯನನ್ನು ಸಾವೊ ಪಾಲೊದ ಚಾಲಕರು ಬ್ರೆಜಿಲಿನವನೆಂದು ತಿಳಿಯುತ್ತಾರೆ. ಕೇಪ್‌ಟೌನಿನಲ್ಲಿ ಅಲ್ಲಿನ ‘ಕಲರ್ಡ್’ ಜನರವನೆಂದೂ ರೋಮಿನಲ್ಲಿ ಇಥಿಯೋಪಿಯಾದವನೆಂದೂ ಅಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದವರು ಎಂದು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ, ‘ಅಲ್ಲ, ಮೂಲತಃ ಎಲ್ಲಿಯವರು?’ ಎಂದು ಮತ್ತೆ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಯಲ್ಲೇ ವಿಷಯವೆಲ್ಲ ಇದೆ. ನಮ್ಮೂರಿನ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳಿ, ಊರು ಕೇಳಿ, ಆಮೇಲೆ ಸ್ವಲ್ಪ ತಡೆದು ‘ಅಲ್ಲಿ ಯಾರ ಪೈಕಿ?’ ಎನ್ನುತ್ತಾರಲ್ಲ, ಅದೇ ಇದು.

ಆ ಸೀಟಿನಲ್ಲಿ ಕೂತವರು ಕ್ವಾಮೆ ಆಂಥನಿ ಆಪಿಯಾ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಕ್ವಾಮೆ ಎಂದರೆ ಶನಿವಾರ ಹುಟ್ಟಿದವನು ಎಂದರ್ಥ, 1954ರ ಮೇ 8 ಶನಿವಾರವೇ. ಎಂ.ಎ. ಓದುವಾಗ ಅವರ ಹೆಸರನ್ನು ಮೊದಲು ಕಂಡ ನನ್ನ ಗೆಳತಿ, ಕುಂದಾಪುರದ ಕಡೆಯವಳು, ‘ಅಪ್ಪಯ್ಯ ಅಂತ ಇದೆಯಲ್ಲೇ, ನಮ್ಮ ಕಡೆಯವರೇ ಇರಬೇಕು’ ಎಂದು ನಕ್ಕಿದ್ದಳು. ಆಮೇಲೆ ನಮಗೆ ಅವರು ಅಪ್ಪಯ್ಯನವರೇ ಆದರು. ಈಗ ನಾನು ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಸಿಲೆಬಸ್ಸಿನಲ್ಲಿ ಆಪಿಯಾ ಇಲ್ಲ. ಆದರೂ ವರ್ಷಕ್ಕೆ ಒಂದೆರಡು ತರಗತಿಗಳನ್ನು ಅವರಿಗಾಗಿ ಉಳಿಸಿಕೊಳ್ಳುತ್ತೇನೆ.

ಅವರ ತಾಯಿಯ ತಂದೆಯನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. 1942ರ ಮಾರ್ಚಿನಲ್ಲಿ ದೆಹಲಿಗೆ ಬಂದು, ಯುದ್ಧ ಮುಗಿದ ಮೇಲೆ ಡೊಮಿನಿಯನ್ ಸ್ಥಾನಮಾನ ಕೊಡುತ್ತೇವೆಂದು ಹೇಳಿ, ಕಾಂಗ್ರೆಸ್ಸೂ ಲೀಗೂ ಒಪ್ಪದೆ ಬರಿಗೈಯಲ್ಲಿ ಹಿಂದಿರುಗಿದ ಸರ್ ಸ್ಟಾಫರ್ಡ್ ಕ್ರಿಪ್ಸ್ ಅವರೇ. ಆ ಆಯೋಗದ ಬಗ್ಗೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದವರಲ್ಲಿ ಹೆಚ್ಚಿನವರಿಗೆ, ಹನ್ನೊಂದು ವರ್ಷಗಳ ನಂತರ ಕ್ರಿಪ್ಸ್ ಮಗಳು ಪೆಗ್ಗಿ ಲಂಡನ್ನಿನಲ್ಲಿ ಗೋಲ್ಡ್ ಕೋಸ್ಟಿನ ಕಪ್ಪು ವಿದ್ಯಾರ್ಥಿ ನಾಯಕನೊಬ್ಬನನ್ನು ಮದುವೆಯಾದಳು ಎಂಬುದು ತಿಳಿದಿರುವುದಿಲ್ಲ. ಆ ಹೊತ್ತಿಗೆ ಕ್ರಿಪ್ಸ್ ತೀರಿಕೊಂಡಿದ್ದರು. 1953ರ ಆ ಮದುವೆ ಲೋಕದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ವರ ಜೋ ಆಪಿಯಾ ವಕೀಲರು, ಅಸಾಂಟೆ ಜನರವರು, ಕ್ವಾಮೆ ಎನ್‌ಕ್ರೂಮಾ ಅವರ ಗೆಳೆಯರು. ಘಾನಾ ಸ್ವತಂತ್ರವಾಗುವ ಹೊತ್ತಿಗೆ ಆ ಗೆಳೆತನ ಮುರಿದಿತ್ತು. 1961ರಲ್ಲಿ ಅಧ್ಯಕ್ಷ ಎನ್‌ಕ್ರೂಮಾ ತಮ್ಮ ಹಳೆಯ ಗೆಳೆಯನನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದರು. ಅದೇ ವರ್ಷ ರಾಣಿ ಎಲಿಜಬೆತ್ ಘಾನಾಕ್ಕೆ ಬಂದರು. ಏಳು ವರ್ಷದ ಆಂಥನಿ ಆಗ ಕಾಯಿಲೆಯಿಂದ ಕುಮಾಸಿಯ ಆಸ್ಪತ್ರೆಯಲ್ಲಿ ಮಲಗಿದ್ದ. ರಾಣಿಯ ಪರಿವಾರ ವಾರ್ಡಿಗೆ ಬಂದು ಹೊರಡುವಾಗ ರಾಣಿಯ ಗಂಡ ಹಿಂದಿರುಗಿ ನೋಡಿ, ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು ಎಂದರಂತೆ. ಜೊತೆಯಲ್ಲಿ ನಿಂತಿದ್ದವರು, ಹುಡುಗನ ಅಪ್ಪನನ್ನು ಜೈಲಿಗೆ ಕಳಿಸಿದ ಅಧ್ಯಕ್ಷರು.

ಇಷ್ಟು ಹೇಳಿದರೆ ದೊಡ್ಡ ಮನೆತನದ ಕಥೆಯಾಯಿತು, ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ನಾನು ಹಿಡಿದುಕೊಂಡದ್ದು ಬೇರೆ ಎಳೆಯನ್ನು. ಅಸಾಂಟೆಯವರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಅದಕ್ಕೆ ಅವರು ಅಬುಸುವಾ ಎನ್ನುತ್ತಾರೆ. ಗಂಡಸಿಗೆ ತನ್ನ ಮಕ್ಕಳಿಗಿಂತ ಅಕ್ಕತಂಗಿಯರ ಮಕ್ಕಳೇ ವಾರಸುದಾರರು. ಇದನ್ನು ಓದಿದಾಗ ಆಫ್ರಿಕಾ ಎಂಬುದು ನನಗೆ ಒಮ್ಮೆಲೇ ನಮ್ಮ ಅಡಿಕೆ ತೋಟದ ಆಚೆಗೇ ಇದ್ದಂತೆ ಕಂಡಿತು. ನಮ್ಮದು ಅಳಿಯಕಟ್ಟಿನ ಮನೆ. ಯಾವ ಜಾತಿ ಎಂದು ಇಲ್ಲಿ ಹೇಳುವುದಿಲ್ಲ. ತುಳುನಾಡಿನಲ್ಲಿ ಅಳಿಯಕಟ್ಟು ಇದ್ದ ಜಾತಿಗಳು ಹಲವು, ಓದುವವರಿಗೆ ಸ್ವಲ್ಪ ಕುತೂಹಲ ಇರಲಿ. ನನ್ನ ಅಜ್ಜ ಬದುಕಿಡೀ ದುಡಿದ ಗದ್ದೆ ಅವರ ಮಕ್ಕಳಿಗೆ ಸಿಗಲಿಲ್ಲ, ಅವರ ತಂಗಿಯ ಮಕ್ಕಳಿಗೆ ಹೋಯಿತು. ಅಜ್ಜಿ ಅದನ್ನು ಅನ್ಯಾಯವೆಂದು ಹೇಳಿದ್ದು ನಾನು ಕೇಳಿಲ್ಲ. ಅವರಿಗೆ ಅವರ ತಾಯಿಯ ಮನೆಯ ಪಾಲು ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಲೆಕ್ಕ ಬದಲಾಯಿತು. ಬದಲಾಗದೆ ಉಳಿದದ್ದು ಬರಿ. ಕನ್ನಡದಲ್ಲಿ ಬಳಿ ಎನ್ನುತ್ತಾರೆ. ಅದು ತಾಯಿಯದ್ದೇ. ಮದುವೆ ಮಾತುಕತೆಗೆ ಕೂತರೆ ಇವತ್ತಿಗೂ ಮೊದಲ ಪ್ರಶ್ನೆ ಅದೇ.

ಈಗ ಆಂಥನಿಯ ಸ್ಥಿತಿ ಯೋಚಿಸಿ. ಅಪ್ಪನ ಕಡೆಯ ಲೆಕ್ಕದಲ್ಲಿ ಮಗು ತಾಯಿಯ ಕುಲಕ್ಕೆ ಸೇರಬೇಕು. ತಾಯಿ ಇಂಗ್ಲಿಷಿನವಳು, ಅವಳಿಗೆ ಅಬುಸುವಾ ಇಲ್ಲ. ತಾಯಿಯ ಕಡೆಯ ಲೆಕ್ಕದಲ್ಲಿ ಮಗು ಅಪ್ಪನ ವಂಶಕ್ಕೆ ಸೇರಬೇಕು. ಹೀಗೆ ಎರಡು ಕಡೆಯವರೂ ನಿಯಮ ಹಿಡಿದು ಕೂತಿದ್ದರೆ ಹುಡುಗ ಇಬ್ಬರಿಗೂ ಸೇರದೆ ಉಳಿಯುತ್ತಿದ್ದ. ಎರಡು ಮನೆಗಳೂ ನಿಯಮವನ್ನು ಬದಿಗಿಟ್ಟು ಮಗುವನ್ನು ಎತ್ತಿಕೊಂಡದ್ದರಿಂದ ಅವನಿಗೆ ಎರಡೂ ಸಿಕ್ಕಿತು. ಗುರುತು ಎನ್ನುವುದು ಪೆಟ್ಟಿಗೆಯೊಳಗೆ ಇಟ್ಟ ವಸ್ತುವಲ್ಲ, ಜನ ಸೇರಿ ನಡೆಸಿಕೊಂಡು ಬರುವ ಒಂದು ವ್ಯವಹಾರ ಎಂದು ಮುಂದೆ ಬರೆದವರಿಗೆ ಇದು ಚಿಕ್ಕ ಪಾಠವಲ್ಲ.

ಆ ವ್ಯವಹಾರ ಎಷ್ಟು ಬಿಗಿ ಎಂಬುದು ತಿಳಿದದ್ದು 1990ರಲ್ಲಿ, ಜೋ ಆಪಿಯಾ ತೀರಿಕೊಂಡಾಗ. ಅಸಾಂಟೆ ಪದ್ಧತಿಯಲ್ಲಿ ಶವ ಅಬುಸುವಾದ್ದು, ಹೆಂಡತಿ ಮಕ್ಕಳದ್ದಲ್ಲ. ಅವರೋ ತಮ್ಮ ಅಂತ್ಯಕ್ರಿಯೆ ಹೆಂಡತಿ ಮಕ್ಕಳ ಮತ್ತು ಚರ್ಚಿನ ಕೈಯಲ್ಲಿರಲಿ ಎಂದು ಉಯಿಲಿಗೆ ಸೇರಿಸಿ ಬರೆದಿದ್ದರು. ಕುಲದವರಿಗೆ ಅದು ಅವಮಾನ. ಅವರ ತಂಗಿ ಅಸಾಂಟೆ ರಾಜನ ಹೆಂಡತಿ, ಹಾಗಾಗಿ ಜಗಳ ಅರಮನೆಯವರೆಗೂ ಹೋಯಿತು. ಈ ಇಡೀ ಪ್ರಸಂಗವನ್ನು ಆಪಿಯಾ ‘ಇನ್ ಮೈ ಫಾದರ್ಸ್ ಹೌಸ್’ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ. 1992ರ ಆ ಪುಸ್ತಕ, ಆಫ್ರಿಕಾ ಎಂಬ ಒಂದೇ ಒಂದು ಆತ್ಮ ಇಲ್ಲ, ಕಪ್ಪು ಎಂಬ ಒಂದು ಜನಾಂಗ ಇಲ್ಲ ಎಂದು ವಾದ ಮಾಡುತ್ತಾ ಹೋಗಿ, ಕೊನೆಗೆ ಅಪ್ಪನ ಹೆಣ ಯಾರದು ಎಂಬ ಜಗಳದಲ್ಲಿ ಬಂದು ನಿಲ್ಲುತ್ತದೆ. ವಾದದ ಭಾಗಕ್ಕಿಂತ ಆ ಕೊನೆಯ ಭಾಗವನ್ನು ನಾನು ಹೆಚ್ಚು ಸಲ ಓದಿದ್ದೇನೆ. ನಮ್ಮಲ್ಲಿ ಬೊಜ್ಜದ ದಿನ ಯಾರು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ನಡೆದ ಜಗಳಗಳನ್ನು ನೋಡಿದವರಿಗೆ ಅದು ಅನುವಾದವೇ ಬೇಡದ ಬರಹ.

ವಾದದ ಭಾಗಕ್ಕೆ ಬರೋಣ. ಕೇಂಬ್ರಿಜ್‌ನಲ್ಲಿ ಅವರು ವೈದ್ಯಕೀಯ ಓದಲು ಹೋಗಿ ತತ್ತ್ವಶಾಸ್ತ್ರಕ್ಕೆ ಜಾರಿಕೊಂಡವರು. 1982ರಲ್ಲಿ ಮುಗಿಸಿದ ಪಿಎಚ್‌.ಡಿ. ಜನಾಂಗದ ಬಗ್ಗೆ ಅಲ್ಲ, ‘ಆದರೆ’, ‘ಹೀಗಾದರೆ ಹಾಗೆ’ ಎಂಬಂಥ ವಾಕ್ಯಗಳ ಅರ್ಥದ ಬಗ್ಗೆ. ಒಣ ತರ್ಕ. ಆ ತರ್ಕದ ಕತ್ತರಿಯನ್ನೇ ಅವರು 1985ರಲ್ಲಿ ಡು ಬೊಯಿಸ್ ಅವರ ಮೇಲೆ ಪ್ರಯೋಗಿಸಿದರು. ಡಬ್ಲ್ಯು. ಇ. ಬಿ. ಡು ಬೊಯಿಸ್ ಅಮೆರಿಕದ ಕಪ್ಪುಜನರ ದೊಡ್ಡ ಚಿಂತಕ. 1897ರಲ್ಲಿ ಅವರು, ಜನಾಂಗವನ್ನು ಮೂಗು ಕೂದಲು ಚರ್ಮದಿಂದ ಅಳೆಯುವುದು ಸಾಲದು, ಒಂದು ಚರಿತ್ರೆಯನ್ನು ಹಂಚಿಕೊಂಡವರು ಒಂದು ಜನಾಂಗ ಎಂಬರ್ಥದಲ್ಲಿ ಹೇಳಿದ್ದರು. ಕೇಳಲು ಎಷ್ಟು ಚೆನ್ನಾಗಿದೆ! ಆಪಿಯಾ ಒಂದೇ ಪ್ರಶ್ನೆ ಕೇಳಿದರು: ಯಾರ ಚರಿತ್ರೆ?

ನಾನು ಇದನ್ನು ತರಗತಿಯಲ್ಲಿ ಹೀಗೆ ಹೇಳುತ್ತೇನೆ. ತುಳುವರು ಯಾರು? ತುಳುವರ ಚರಿತ್ರೆಯನ್ನು ಹಂಚಿಕೊಂಡವರು. ಸರಿ, ತುಳುವರ ಚರಿತ್ರೆ ಯಾವುದು? ತುಳುವರಿಗೆ ಆದದ್ದೆಲ್ಲ. ಹಾಗಾದರೆ ಯಾವ ಘಟನೆ ತುಳುವರಿಗೆ ಆಯಿತು, ಯಾವುದು ಪಕ್ಕದವರಿಗೆ ಆಯಿತು ಎಂದು ಬೇರ್ಪಡಿಸಬೇಕಾದರೆ ತುಳುವರು ಯಾರೆಂದು ಮೊದಲೇ ಗೊತ್ತಿರಬೇಕಲ್ಲ? ಅಲ್ಲಿಗೆ ನಾಯಿ ತನ್ನ ಬಾಲ ಹಿಡಿಯಲು ಸುತ್ತಿದ ಹಾಗಾಯಿತು. ಚರಿತ್ರೆಯಿಂದ ಜನವನ್ನು ಗುರುತಿಸುತ್ತೇವೆ ಎಂದು ಹೊರಟವರು, ಜನವನ್ನು ಮೊದಲೇ ಗುರುತಿಸಿಕೊಂಡಿರುತ್ತಾರೆ. ಯಾವುದರಿಂದ? ರಕ್ತದಿಂದ, ಚರ್ಮದಿಂದ. ಬಾಗಿಲಿನಿಂದ ಹೊರಗೆ ಹಾಕಿದ್ದು ಹಿತ್ತಲಿನಿಂದ ಒಳಗೆ ಬಂದಿರುತ್ತದೆ.

ಈ ವಾದಕ್ಕೆ ದೊಡ್ಡ ವಿರೋಧ ಬಂತು. ಲೂಷಿಯಸ್ ಔಟ್‌ಲಾ ಅವರಂಥ ಕಪ್ಪು ತತ್ತ್ವಜ್ಞಾನಿಗಳು ಡು ಬೊಯಿಸ್ ಪರವಾಗಿ ನಿಂತು ಉತ್ತರ ಬರೆದರು. ನಮ್ಮನ್ನು ಒಂದು ಜನಾಂಗವೆಂದು ಹಿಡಿದು ಶತಮಾನಗಟ್ಟಲೆ ಹೊಡೆದ ಮೇಲೆ, ನಾವು ಒಟ್ಟಾಗುವ ಹೊತ್ತಿಗೆ ಜನಾಂಗವೇ ಇಲ್ಲ ಎನ್ನುತ್ತೀರಾ ಎಂಬುದು ಅಂಥ ವಿರೋಧದ ಹಿಂದಿನ ಸಿಟ್ಟು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ತಮಾಷೆಯೆಂದರೆ ಡು ಬೊಯಿಸ್ ಅವರೇ 1940ರಲ್ಲಿ ಬರೆದ ಆತ್ಮಚರಿತ್ರೆಯಲ್ಲಿ ಬೇರೊಂದು ಉತ್ತರ ಕೊಟ್ಟಿದ್ದರು: ಕಪ್ಪು ಮನುಷ್ಯ ಎಂದರೆ ಜಾರ್ಜಿಯಾದಲ್ಲಿ ಪ್ರತ್ಯೇಕ ಡಬ್ಬಿಯಲ್ಲಿ ಕೂತು ಪ್ರಯಾಣಿಸಬೇಕಾದವನು. ರಕ್ತವೂ ಇಲ್ಲ, ಆತ್ಮವೂ ಇಲ್ಲ, ಬರೀ ರೈಲು. ಅವರು ತಮ್ಮ ಕೊನೆಗಾಲದಲ್ಲಿ, 1961ರಲ್ಲಿ, ಎನ್‌ಕ್ರೂಮಾ ಆಹ್ವಾನದ ಮೇರೆಗೆ ಘಾನಾಕ್ಕೆ ಹೋದರು. ಜೋ ಆಪಿಯಾ ಜೈಲಿಗೆ ಹೋದ ವರ್ಷವೂ ಅದೇ. ಡು ಬೊಯಿಸ್ 1963ರಲ್ಲಿ ಆಕ್ರಾದಲ್ಲಿ ತೀರಿಕೊಂಡರು. ಅವರ ವಾದವನ್ನು ಮುಂದೆ ಬಿಚ್ಚಿ ನೋಡಲಿದ್ದ ಹುಡುಗನಿಗೆ ಆಗ ಒಂಬತ್ತು ವರ್ಷ.

ಆಪಿಯಾ ನಿಂತಲ್ಲೇ ನಿಲ್ಲಲಿಲ್ಲ. 1996ರಲ್ಲಿ ಏಮಿ ಗಟ್ಮನ್ ಜೊತೆ ತಂದ ‘ಕಲರ್ ಕಾನ್ಷಸ್’ ಪುಸ್ತಕದಲ್ಲಿ ಅವರು ಹೇಳುವುದು, ಜನಾಂಗಗಳು ಇಲ್ಲ, ಆದರೆ ಜನಾಂಗದ ಗುರುತುಗಳು ಇವೆ ಎಂದು. ಮೊದಲ ಸಲ ಓದಿದಾಗ ಇದು ಕೂದಲು ಸೀಳುವ ಮಾತಿನಂತೆ ಕಾಣುತ್ತದೆ. ಹಾಗಲ್ಲ. ಒಂದು ಹಣೆಪಟ್ಟಿ ಇರುತ್ತದೆ. ಅದನ್ನು ಹಚ್ಚಿಕೊಂಡವರು ಹೀಗೆ ಬದುಕಬೇಕು ಎಂಬ ಕೆಲವು ನಿರೀಕ್ಷೆಗಳಿರುತ್ತವೆ. ಅದನ್ನು ಹಚ್ಚಿಸಿಕೊಂಡವರನ್ನು ಉಳಿದವರು ನಡೆಸಿಕೊಳ್ಳುವ ಒಂದು ರೀತಿ ಇರುತ್ತದೆ. ಈ ಮೂರೂ ಸೇರಿದರೆ ಗುರುತು. ಹಣೆಪಟ್ಟಿಯ ಹಿಂದೆ ಏನೂ ಇಲ್ಲದಿದ್ದರೂ ಏಟು ನಿಜವಾಗಿಯೇ ಬೀಳುತ್ತದೆ.

ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಮೇಡಂ, ರೂಮ್ ಹುಡುಕ್ಲಿಕ್ಕೆ ಹೋದಾಗ ಓನರ್ ಕೇಳಿದ್ರು, ನೀವು ಯಾವ ಜನ ಅಂತ. ಹಾಗೆ ಒಂದು ಜನವೇ ಇಲ್ಲ ಅಂತ ಹೇಳ್ಬೇಕಿತ್ತಾ?’ ಎಂದ. ತರಗತಿ ನಕ್ಕಿತು. ಅವನು ನಗಲಿಲ್ಲ. ಅವನು ಪರಿಶಿಷ್ಟ ಜಾತಿಯ ಹುಡುಗ ಎಂದು ತರಗತಿಗೆಲ್ಲ ಗೊತ್ತಿತ್ತು. ಸ್ಕಾಲರ್‌ಶಿಪ್ಪಿನ ಪಟ್ಟಿ ನೋಟಿಸ್ ಬೋರ್ಡಿನಲ್ಲೇ ಇರುತ್ತದಲ್ಲ. ಡು ಬೊಯಿಸ್ ಅವರ ರೈಲಿನ ಮಾತನ್ನು ಅವನಿಗೆ ಹೇಳಿದೆ. ‘ಹಾಂ, ಅದು ಸರಿ ಉಂಟು’ ಎಂದು ಕೂತ. ರೂಮ್ ಸಿಕ್ಕಿತೇ ಎಂದು ಆಮೇಲೆ ವಿಚಾರಿಸಿದೆ. ಬೇರೆ ಕಡೆ, ಎರಡು ಬಸ್ಸು ಬದಲಿಸುವಷ್ಟು ದೂರದಲ್ಲಿ ಸಿಕ್ಕಿತ್ತು.

ಆ ಹುಡುಗನಿಂದಲೇ ನನಗೆ ಆಪಿಯಾರ ಇನ್ನೊಂದು ಮಾತಿನ ತೂಕ ತಿಳಿಯಿತು. ಚಾರ್ಲ್ಸ್ ಟೇಲರ್ ಅವರ ‘ಮನ್ನಣೆಯ ರಾಜಕಾರಣ’ ಎಂಬ ಪ್ರಸಿದ್ಧ ಪ್ರಬಂಧಕ್ಕೆ ಪ್ರತಿಕ್ರಿಯಿಸುತ್ತಾ ಆಪಿಯಾ ಒಂದು ಆತಂಕ ತೋಡಿಕೊಳ್ಳುತ್ತಾರೆ. ಕಪ್ಪು ಎಂಬ ಕಾರಣಕ್ಕೆ ಅವಮಾನಿಸಿದ ಸಮಾಜದಲ್ಲಿ ಕಪ್ಪು ಎಂಬುದಕ್ಕೇ ಗೌರವ ಕೇಳುವುದು ಅಗತ್ಯ. ಆದರೆ ಆಮೇಲೆ ಕಪ್ಪು ಮನುಷ್ಯ ಸರಿಯಾಗಿ ಹೇಗಿರಬೇಕು ಎಂಬುದಕ್ಕೆ ಒಂದು ಬರೆದಿಟ್ಟ ಪಾತ್ರ ಸಿದ್ಧವಾಗುತ್ತದೆ, ಅದೂ ಒಂದು ಬಿಗಿತವೇ. ನಮ್ಮ ಹುಡುಗ ಇದನ್ನು ತನ್ನ ಭಾಷೆಯಲ್ಲಿ ಹೇಳಿದ: ‘ಪಿಯುಸಿಯಿಂದ ನೋಡ್ತಾ ಇದ್ದೇನೆ ಮೇಡಂ, ಸೆಮಿನಾರ್ ಅಂದ್ರೆ ನನಗೆ ಅಂಬೇಡ್ಕರೇ. ಏಪ್ರಿಲ್ ಹದಿನಾಲ್ಕಕ್ಕೆ ಭಾಷಣಕ್ಕೆ ನಾನೇ. ಅಂಬೇಡ್ಕರ್ ನನಗೆ ಇಷ್ಟವೇ. ಆದ್ರೆ ಎಲ್ರಿಗೂ ಕೊಡಿ ಅಲ್ವಾ. ನನಗೆ ಪ್ಲೇಟೋ ಯಾರೂ ಕೊಡ್ಲಿಲ್ಲ.’

ಇನ್ನು, ಆಪಿಯಾರ ಜೊತೆ ನನಗೆ ಒಂದು ತಕರಾರಿದೆ. ತಕರಾರು ಅವರ ಜೊತೆಗೋ ಅವರ ಅಪ್ಪನ ಜೊತೆಗೋ ಹೇಳಲಾರೆ. 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಒಂದು ಲೇಖನದಲ್ಲಿ ಅವರು ಬಾಲ್ಯದ ಒಂದು ಸಂಗತಿ ಹೇಳುತ್ತಾರೆ. ಕುಟುಂಬದ ಮನೆಯೊಂದರಲ್ಲಿ ಇದ್ದ ಹೆಂಗಸೊಬ್ಬಳನ್ನು ಅವರು ಯಾವಾಗಲೂ ಆಂಟಿ ಎಂದೇ ಕರೆಯುತ್ತಿದ್ದರು. ಒಂದು ದಿನ ಎಲ್ಲರ ಎದುರು, ಇವರು ನಿಜವಾಗಿ ನನಗೆ ಆಂಟಿಯೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಸಿಟ್ಟಿನಿಂದ ಮಾತು ಸರಿಸಿಬಿಟ್ಟರು. ಆಮೇಲೆ ಒಬ್ಬನೇ ಇದ್ದಾಗ, ಯಾರ ಮೂಲವನ್ನೂ ಜನರ ನಡುವೆ ಕೇಳಬಾರದು ಎಂದು ತಿಳಿಹೇಳಿದರು. ಮೂಲ ಕೆದಕಿದರೆ ಊರು ಕೆಡುತ್ತದೆ ಎಂಬರ್ಥದ ಗಾದೆ ಅಸಾಂಟೆಯವರಲ್ಲಿದೆ. ಆ ಹೆಂಗಸು ಗುಲಾಮರ ಸಂತತಿಯವಳು. ಅಸಾಂಟೆ ರಾಜ್ಯದಲ್ಲಿ ಗುಲಾಮರನ್ನು ಮನೆತನದೊಳಗೆ ಸೇರಿಸಿಕೊಳ್ಳುತ್ತಿದ್ದರು. ತಲೆಮಾರು ಕಳೆದ ಮೇಲೆ ಮೂಲ ಹೇಳಬಾರದು, ಆದರೆ ಮರೆಯಲೂಬಾರದು.

ಓದಿದಾಗ ಮೊದಲು ಎಷ್ಟು ಸಭ್ಯರು ಇವರು ಎನ್ನಿಸಿತು. ಯಾವ ಜನ ಎಂದು ಕೇಳುವುದೇ ಅಸಭ್ಯ ಎಂದು ಮಕ್ಕಳಿಗೆ ಹೇಳಿಕೊಡುವ ಊರು! ನಮ್ಮ ಬಸ್ಸುಗಳಲ್ಲಿ ಈ ಗಾದೆಯನ್ನು ಬರೆಸಬೇಕು ಅಂದುಕೊಂಡೆ. ಎರಡನೆಯ ಸಲ ಓದುವಾಗ ನಮ್ಮ ಅಂಗಳ ನೆನಪಾಯಿತು. ಅಜ್ಜಿಯ ಮನೆಗೆ ಬರುತ್ತಿದ್ದ ಒಬ್ಬ ಮುದುಕಿ ಇದ್ದಳು. ಅವಳ ಮನೆಯವರು ಮೂಲದ ಆಳುಗಳು, ಎಂದರೆ ತಲೆತಲಾಂತರದಿಂದ ಈ ಭೂಮಿಗೆ ಕಟ್ಟಿಬಿದ್ದವರು. ಅವಳ ಬಗ್ಗೆ ನಾನು ಯಾರನ್ನೂ ಏನೂ ಕೇಳಬೇಕಾಗಿ ಬರಲಿಲ್ಲ. ಅವಳು ಚಾವಡಿ ಹತ್ತುತ್ತಿರಲಿಲ್ಲ. ಅಂಗಳದ ಆ ಕೊನೆಯಲ್ಲಿ, ಹಲಸಿನ ಮರದ ಹತ್ತಿರ ಕೂರುತ್ತಿದ್ದಳು. ಗಂಜಿಯನ್ನು ದೂರದಿಂದ ಸುರಿಯುತ್ತಿದ್ದರು. ನಾಲ್ಕು ವರ್ಷದ ಮಗುವಿಗೂ ಅವಳ ಮೂಲ ತಿಳಿಯುವ ಏರ್ಪಾಡು ಅದು. ಕೇಳಬಾರದು ಎಂಬ ಸಭ್ಯತೆ, ಕೇಳದೆ ಗೊತ್ತಾಗದವರಿಗೆ ಮಾತ್ರ ಉಪಯೋಗ. ಕೂರುವ ಜಾಗವೇ ಉತ್ತರ ಹೇಳುತ್ತಿದ್ದರೆ ಗಾದೆ ಯಾರನ್ನು ಕಾಯುತ್ತದೆ?

ಕುಮಾಸಿಯಲ್ಲೂ ಅದು ಪೂರ್ತಿ ಕಾಯಲಿಲ್ಲ, ಅಪ್ಪ ಮಾತು ತಳ್ಳಿಹಾಕುವಾಗ ಆ ಹೆಂಗಸು ಕಣ್ಣು ತಗ್ಗಿಸಿದ್ದು ಆಪಿಯಾರಿಗೆ ನೆನಪಿದೆ. ಅಪ್ಪನ ಗಾದೆಯನ್ನು ಮೀರಿ ಅದನ್ನು ಪತ್ರಿಕೆಯಲ್ಲಿ ಬರೆದವರೂ ಅವರೇ. ಜನಾಂಗ ಎಂಬುದು ಸುಳ್ಳು ಎಂದು ತರ್ಕದಿಂದ ತೋರಿಸಿದ ಲೇಖನಕ್ಕಿಂತ ಈ ನಾಲ್ಕು ಸಾಲುಗಳಿಗೆ ಹೆಚ್ಚು ಧೈರ್ಯ ಬೇಕಾಗಿರಬೇಕು ಎಂಬುದು ನನ್ನ ಅಂದಾಜು. ತರ್ಕದಲ್ಲಿ ಎದುರಾಳಿ ಡು ಬೊಯಿಸ್, ತೀರಿಕೊಂಡವರು. ಇಲ್ಲಿ ಎದುರಿಗಿರುವುದು ಸ್ವಂತ ಮನೆ.

2015ರಿಂದ ಅವರು ಅದೇ ಪತ್ರಿಕೆಯಲ್ಲಿ ‘ದಿ ಎಥಿಸಿಸ್ಟ್’ ಎಂಬ ಅಂಕಣ ಬರೆಯುತ್ತಾರೆ. ಓದುಗರು ತಮ್ಮ ಮನೆಯ, ನೆರೆಯ, ಆಫೀಸಿನ ಧರ್ಮಸಂಕಟಗಳನ್ನು ಕಳಿಸುತ್ತಾರೆ, ಇವರು ಉತ್ತರಿಸುತ್ತಾರೆ. ಕೆಲವು ಪಂಡಿತರಿಗೆ ಇದು ಹಗುರದ ಕೆಲಸವಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಪೆಗ್ಗಿ ಆಪಿಯಾ ಮಗನ ಜೊತೆ ಕೂಡಿ ಅಕಾನ್ ಭಾಷೆಯ ಏಳು ಸಾವಿರಕ್ಕೂ ಹೆಚ್ಚು ಗಾದೆಗಳನ್ನು ಸಂಗ್ರಹಿಸಿದವರು, ಗಂಡ ಹೋದ ಮೇಲೂ ಕುಮಾಸಿ ಬಿಡದೆ 2006ರಲ್ಲಿ ಅಲ್ಲೇ ತೀರಿಕೊಂಡವರು. ಅಂಥ ಅಮ್ಮನ ಮಗ ಜನರ ದಿನನಿತ್ಯದ ಪ್ರಶ್ನೆಗಳಿಗೆ ಕೂತು ಉತ್ತರ ಬರೆಯುವುದರಲ್ಲಿ ಆಶ್ಚರ್ಯವೇನಿದೆ?

ಪ್ಲೇಟೋ ಕೇಳಿದ ಹುಡುಗನಿಗೆ ಸೆಮಿನಾರಿನ ವಿಷಯವನ್ನು ನೀನೇ ಆರಿಸಿಕೋ ಎಂದೆ. ಬಿಬಿಸಿಯ 2016ರ ರೀತ್ ಉಪನ್ಯಾಸಗಳ ಪಠ್ಯ ಕೊಟ್ಟಿದ್ದೆ. ಧರ್ಮ, ದೇಶ, ಬಣ್ಣ, ಸಂಸ್ಕೃತಿ ಎಂದು ಆಪಿಯಾ ನಾಲ್ಕು ಉಪನ್ಯಾಸ ಕೊಟ್ಟಿದ್ದರು. ಬಣ್ಣದ ಬಗ್ಗೆ ಆಕ್ರಾದಲ್ಲಿ ಮಾತಾಡುವಾಗ ಅವರು ಆಂಟನ್ ವಿಲ್‌ಹೆಲ್ಮ್ ಆಮೊ ಎಂಬವನ ಕಥೆ ಹೇಳುತ್ತಾರೆ. ಇವತ್ತಿನ ಘಾನಾದ ಕರಾವಳಿಯ ಆಕ್ಸಿಮ್ ಬಳಿ ಹುಟ್ಟಿದವನು. ಚಿಕ್ಕಂದಿನಲ್ಲೇ ಡಚ್ಚರ ಹಡಗಿನಲ್ಲಿ ಯೂರೋಪಿಗೆ ಹೋಗಿ, ಜರ್ಮನಿಯ ಒಬ್ಬ ಡ್ಯೂಕನಿಗೆ ಕಾಣಿಕೆಯಾಗಿ ಸಂದವನು. ಅಲ್ಲಿ ಓದಿ, ಲ್ಯಾಟಿನ್ನಿನಲ್ಲಿ ಬರೆದು, 1730ರ ದಶಕದಲ್ಲಿ ಹಾಲೆ ಮತ್ತು ಯೇನಾ ವಿಶ್ವವಿದ್ಯಾಲಯಗಳಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿದವನು. ಕೊನೆಗೆ ತನ್ನ ಕರಾವಳಿಗೆ ಹಿಂದಿರುಗಿದವನು.

ಹುಡುಗ ಆಮೊನನ್ನೇ ಆರಿಸಿಕೊಂಡ. ಸ್ಟಾಫ್ ರೂಮಿಗೆ ಬಂದು, ‘ಇವನು ತನ್ನ ಜನರ ಬಗ್ಗೆ ಏನೂ ಬರೆಯಲಿಲ್ವಾ ಮೇಡಂ?’ ಎಂದು ಕೇಳಿದ. ಬರೆದಿದ್ದ. 1729ರಲ್ಲಿ, ಯೂರೋಪಿನಲ್ಲಿರುವ ಕಪ್ಪುಜನರ ಹಕ್ಕುಗಳ ಬಗ್ಗೆ. ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು 1734ರ ಪ್ರಬಂಧ, ಮನಸ್ಸು ಮತ್ತು ದೇಹದ ಬಗ್ಗೆ, ನೋವನ್ನು ಅನುಭವಿಸುವುದು ಮನಸ್ಸೋ ದೇಹವೋ ಎಂಬುದರ ಬಗ್ಗೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ, ಅದರ ಇಂಗ್ಲಿಷ್ ಅನುವಾದ ಎಷ್ಟು ಪುಟ ಇದೆ, ಜೆರಾಕ್ಸಿಗೆ ಎಷ್ಟಾಗಬಹುದು ಎಂದು ಕೇಳಿದ.